ತಿಥಿಯ ಹಿಂದಿನ ದಿನ

"ಏಳು ವರ್ಷ ಇಲ್ಲದ್ದು ಈಗೆಲ್ಲಿಂದ ಬಂತು? ಮೊದಲು ಅದನ್ನ ಹೇಳು. ಯಾಕೋ, ಬಾಯಲ್ಲಿ ಕಡುಬು ಇಟ್ಕೊಂಡಿದೀಯಾ?"

ಗೋದಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ಮಗನ ಮೇಲೆ ಕೂಗುತ್ತಿದ್ದಳು. ಒಗೆದ ಸೀರೆಯನ್ನು ಮೈಗೆ ತಾಗದಂತೆ ಎತ್ತಿ ಹರವುವ ಮಡಿಕೋಲು ಇನ್ನೂ ಕೈಯಲ್ಲೇ ಇತ್ತು. ಮಾತುಮಾತಿಗೂ ಅದರ ತುದಿ ಹೊಸಿಲಿಗೆ ಬಡಿಯುತ್ತಿತ್ತು. "ರಥಸಪ್ತಮಿ ದಿನ ಇವಳು ಹೊರಗೆ ಕೂತಿದ್ಲೋ ಇಲ್ವೋ? ಇಡೀ ಬೀದಿ ನೋಡಿದೆ. ಅರಿಶಿನ ಕುಂಕುಮಕ್ಕೆ ಕರೆಯೋಕೆ ಬಂದವರಿಗೆಲ್ಲ ನಾನೇ ಬಾಗಿಲಲ್ಲಿ ನಿಂತು, ಸೊಸೆ ಹೊರಗಾಗಿದಾಳೆ ಅಂತ ಹೇಳಿ ಕಳಿಸಿದೀನಿ. ಅದಾದ ಮೇಲೆ ನೀನು ಈ ಊರಿಗೆ ಕಾಲಿಟ್ಟಿದ್ದು ಮೊನ್ನೆ, ಬೇಸಿಗೆ ರಜಕ್ಕೆ. ಯುಗಾದಿಗೂ ಬರಲಿಲ್ಲ. ನಾನು ಓದಿದವಳಲ್ಲ, ಆದ್ರೆ ಬೆರಳು ಮಡಚಿ ಎಣಿಸೋಕೆ ಬರುತ್ತೆ ಕಣೋ ವರದ!"

ವರದರಾಜ ಬಾವಿಯ ಪಕ್ಕದ ಕಲ್ಲಿನ ಮೇಲೆ ಕೂತು ಗಡ್ಡ ಹೆರೆದುಕೊಳ್ಳುತ್ತಿದ್ದ. ಬಲಗೆನ್ನೆ ಮುಗಿದಿತ್ತು. ಎಡಗೆನ್ನೆಯ ಸೋಪು ಒಣಗಿ ಚರ್ಮ ಬಿಗಿಯುತ್ತಿತ್ತು. ಅರ್ಧ ಗಡ್ಡದ ಮುಖ ಇಟ್ಟುಕೊಂಡು ಇಂಥ ಮಾತಿಗೆ ಗಂಡಸು ಹೇಗೆ ಉತ್ತರ ಕೊಟ್ಟಾನು, ಮೊದಲು ಮುಖ ತೊಳೆಯಬೇಕೋ ಅಥವಾ ಇನ್ನೊಂದು ಕೆನ್ನೆಯನ್ನೂ ಮುಗಿಸಿಬಿಡಬೇಕೋ ಎಂದು ಯೋಚಿಸಿದ. ಯೋಚಿಸುತ್ತಿರುವುದು ಇದನ್ನು ಎಂದು ಗೊತ್ತಾಗಿ ಅವನಿಗೇ ಹೇಸಿಗೆಯಾಯಿತು. ಸಿಟ್ಟು ಬರಬೇಕಿತ್ತು. ತಾನು ಮೇಷ್ಟರಾಗಿದ್ದ ಕೊಣನೂರಿನ ಸ್ಕೂಲಿನಲ್ಲಿ ಮಗ್ಗಿ ತಪ್ಪಿದವನ ಮೇಲೆ ಬರುವಷ್ಟಾದರೂ ಬರಬೇಕಿತ್ತು. ಅಲ್ಲಿ ಅವನ ಸಿಟ್ಟು ಹೆಸರುವಾಸಿ. ಇಲ್ಲಿ ಬಾವಿಯ ಹಗ್ಗ, ತಾಮ್ರದ ಕೊಡ, ಕೊಡದ ಸೊಟ್ಟ ಅಂಚು, ಅಂಚಿನ ಮೇಲೆ ಕೂತ ಒಂದು ನೊಣ, ಇವೆಲ್ಲ ಒಂದೊಂದಾಗಿ ಕಣ್ಣಿಗೆ ಬೀಳುತ್ತಿದ್ದವು. ಒಳಗೆ ಏನೂ ಅಲುಗುತ್ತಿರಲಿಲ್ಲ.

ಬಚ್ಚಲುಮನೆಯ ಹಿಂದಿನಿಂದ ಸೂಲಗಿತ್ತಿ ಲಕ್ಕಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಅವಳನ್ನು ಬೆಳಿಗ್ಗೆಯೇ ಕರೆಸಿದ್ದು ಗೋದಮ್ಮನೇ.

"ಏನೇ ಲಕ್ಕಿ, ಎಷ್ಟು ತಿಂಗಳು?"

"ಕೈಗೆ ನಾಕು ಅನ್ನುಸ್ತದೆ ಕಣ್ರವ್ವ."

"ನಾಕು ಹೇಗೆ ಆಗುತ್ತೆ? ಸರಿಯಾಗಿ ನೋಡಿದ್ಯಾ? ಮೂರಾ?"

"ನಾನೇನ್ ಒಳೀಕೆ ಇಣುಕಿ ನೋಡುದ್ನಾ? ನೀವು ಮೂರು ಅಂದ್ರೆ ಮೂರೇ ಇರ್ಬೋದು ಬುಡಿ. ಕೆಲವ್ರಿಗೆ ಒಟ್ಟೆ ಮುಂದಾಗಿ ಕಾಣ್ತದೆ. ನನ್ ಸೊಸೇಗೂ ಅಂಗೇ ಆಗಿತ್ತು." ಲಕ್ಕಮ್ಮ ವರದರಾಜನ ಕಡೆ ನೋಡಿ ನಕ್ಕಳು. "ಅಯ್ನೋರೇ, ಸೋಪು ಒಣಗೋಯ್ತು. ಗಂಡು ಮಗ ಆದ್ರೆ ನಂಗೊಂದು ಸೀರೆ ಕೊಡ್ಸಬೇಕು ಕಣ್ರಪ್ಪ."

ಗೋದಮ್ಮ ಅವಳನ್ನು ಗದರಿ ಕಳಿಸಿದಳು. ಬಚ್ಚಲಿನ ಕಡೆಯಿಂದ ಅಂಬುಜ ಬಂದು ನಿಂತಳು. ಸೀರೆಯ ನೆರಿಗೆ ಸರಿಯಾಗಿ ಕೂತಿರಲಿಲ್ಲ. ಒಬ್ಬಳು ಹೊಟ್ಟೆ ಮುಟ್ಟಿ ಅಳತೆ ಹೇಳಿದ ಮೇಲೆ ಇನ್ನು ಮುಚ್ಚಿಕೊಳ್ಳುವುದು ಏನಿದೆ ಎನ್ನುವ ಹಾಗೆ ಸುಮ್ಮನೆ ನಿಂತಿದ್ದಳು. "ಅತ್ತೆ, ಆ ಸಲ ಆಗಿದ್ದು ಒಂದು ಕಲೆ ಅಷ್ಟೆ. ಮಾರನೇ ದಿನಕ್ಕೆ ಅದೂ ಇರಲಿಲ್ಲ. ಒಂದು ಚುಕ್ಕೆ ಕಂಡ್ರೂ ಬಾಯಿಬಿಟ್ಟು ಹೇಳಬೇಕು, ಮುಚ್ಚಿಟ್ಕೊಂಡು ದೇವರಮನೆ ಹೊಕ್ಕರೆ ಮನೆಗೆ ದೋಷ ಅಂತ ನೀವೇ ಹೇಳಿಕೊಟ್ಟಿದ್ದು. ಅದಕ್ಕೇ ಹೇಳಿದೆ. ಅದಕ್ಕೇ ಮೂರು ದಿನ ಕೂತೆ."

"ಓಹೋ! ಈಗ ಮಡಿ ಹೇಳಿಕೊಟ್ಟಿದ್ದೇ ನನ್ನ ತಪ್ಪು!" ಗೋದಮ್ಮನ ದನಿ ಬಿರಿಯಿತು. "ಯಾರದು ಅಂತ ನಾನು ಕೇಳಲ್ಲ. ಕೇಳಿ ನನ್ನ ಕಿವಿ ಯಾಕೆ ಹೊಲಸು ಮಾಡ್ಕೊಳ್ಳಲಿ. ವರದ, ಇವತ್ತೇ ಚನ್ನರಾಯಪಟ್ಟಣಕ್ಕೆ ಕರ್ಕೊಂಡು ಹೋಗಿ ಅವರಣ್ಣನ ಮನೇಲಿ ಬಿಟ್ಟು ಬಾ."

ವರದರಾಜ ಎಡಗೆನ್ನೆಗೆ ನೀರು ಎರಚಿಕೊಂಡ. "ಹಾಸನಕ್ಕೆ ಹೋಗ್ತೀನಿ," ಎಂದ. "ಲೇಡಿ ಡಾಕ್ಟರಿಗೆ ತೋರಿಸಿಕೊಂಡು ಬರ್ತೀನಿ. ಆಮೇಲೆ ನೋಡೋಣ."

"ತೋರಿಸು. ಕಿರಿಸ್ತಾನದವಳಾದ್ರೂ ಅವಳು ಸುಳ್ಳು ಹೇಳಲ್ಲ. ಅವಳಿಗೇನು ನಮ್ಮ ಮನೆ ಮರ್ಯಾದೆ ಕಟ್ಕೊಂಡು."

ಹೊಳೆನರಸೀಪುರದ ಸ್ಟೇಷನ್ನಿನವರೆಗೆ ಅವನು ಮುಂದೆ, ಅವಳು ಹಿಂದೆ. ರೈಲಿನಲ್ಲಿ ಎದುರುಬದುರು ಕೂತರು. ಅವಳು ಕಿಟಕಿಯ ಹೊರಗೆ ನೋಡುತ್ತಿದ್ದಳು, ಅವನು ಅವಳ ಹೊಟ್ಟೆಯನ್ನು ನೋಡದಿರಲು ಅವಳ ಕಾಲುಂಗುರ ನೋಡುತ್ತಿದ್ದ. ಹೀಗೆ ನೋಡದೆ ಇರುವುದನ್ನು ಅವನು ಬಂದ ಎರಡನೆಯ ದಿನದಿಂದ ಅಭ್ಯಾಸ ಮಾಡಿಕೊಂಡಿದ್ದ. ಬಂದ ದಿನ ಅಮ್ಮ ಸಂತೋಷದಲ್ಲಿಯೇ ಇದ್ದಳು, ಬಾಗಿಲಲ್ಲಿಯೇ ತಡೆದು ಬಾಯಿಗೆ ಬೆಲ್ಲ ಹಾಕಿದಳು. ಎರಡನೆಯ ದಿನ ಬೆರಳು ಮಡಚಿದಳು. ಮೂರನೆಯ ದಿನ ಮಾತು ನಿಲ್ಲಿಸಿದಳು. ಬೆಲ್ಲದ ರುಚಿ ಬಾಯಲ್ಲಿರುವಾಗ ಅವನಿಗೂ ಖುಷಿಯಾಗಿತ್ತು. ತನ್ನದೇ ಎಂದು ಅವನಿಗೆ ಗೊತ್ತಿತ್ತು, ಯಾಕೆ ಗೊತ್ತಿತ್ತು ಎನ್ನುವುದೂ ಗೊತ್ತಿತ್ತು. ಆದರೆ ಅಮ್ಮ ರಥಸಪ್ತಮಿಯ ಹೆಸರೆತ್ತಿದ ಮೇಲೆ ಅದು ಅಲುಗಾಡಿತು. ಹೆಂಗಸು ಹೊರಗೆ ಕೂತಳು ಎಂದರೆ ಅದಕ್ಕೆ ಹಿಂದಿನದೆಲ್ಲ ಒರೆಸಿ ಹಾಕಿದ ಹಾಗೆ, ಸ್ಲೇಟು ತೊಳೆದ ಹಾಗೆ. ಏಳು ವರ್ಷದಿಂದ ಪ್ರತಿ ತಿಂಗಳೂ ಹಾಗೆ ತೊಳೆದದ್ದನ್ನು ಅವನು ನೋಡಿದ್ದ. ಹಿತ್ತಿಲ ಚಪ್ಪರದಡಿ ಗೋಣಿಯ ಮೇಲೆ ಕೂತ ಅವಳನ್ನು ಕಂಡರೆ ಅಮ್ಮ, "ಈ ಸಲಾನೂ ನಿಲ್ಲಲಿಲ್ಲ," ಎನ್ನುತ್ತಿದ್ದಳು. ಭಾನುವಾರಕ್ಕೆಂದು ಬಂದ ಅವನು ತನ್ನನ್ನೇ ಅಂದಂತೆ ತಲೆ ತಗ್ಗಿಸಿ ಕೊಣನೂರಿನ ಬಸ್ಸು ಹತ್ತುತ್ತಿದ್ದ. ಈ ಸಲವೂ ತೊಳೆದುಹೋಗಿತ್ತು ಎಂದಾದರೆ ಇದು ಯಾವುದು? ಈ ಪ್ರಶ್ನೆ ಅವನ ತಲೆಯಲ್ಲಿ ಸಿಟ್ಟಿಲ್ಲದೆ, ದುಃಖವಿಲ್ಲದೆ, ಬೋರ್ಡಿನ ಮೇಲೆ ಬರೆದ ಲೆಕ್ಕದಂತೆ ನಿಂತಿತ್ತು. ಅವಳನ್ನು ಕೇಳಬಹುದಿತ್ತು. ಎದುರಿಗೇ ಕೂತಿದ್ದಳು. ಮಾವಿನಕೆರೆ ಬಂತು, ಹೋಯಿತು. ಅವನು ಕೇಳಲಿಲ್ಲ.

ಅವನಿಗೆ ಗೊತ್ತಿದ್ದದ್ದು ಒಂದು ಮಧ್ಯಾಹ್ನ. ಪುಷ್ಯಮಾಸ, ಬಹುಳ ಏಕಾದಶಿ. ಮಾರನೆಯ ದಿನ ದ್ವಾದಶಿ, ಅಪ್ಪನ ತಿಥಿ. ಎರಡು ದಿನದ ರಜಾ ಹಾಕಿ ಕೊಣನೂರಿನಿಂದ ಹೊರಟಿದ್ದ. ಯುದ್ಧದಿಂದಾಗಿ ಪೆಟ್ರೋಲಿಲ್ಲದ ಕಾಲ, ಇದ್ದಿಲಿನ ಬಸ್ಸು ಅರಕಲಗೂಡಿನ ಏರಿನಲ್ಲಿ ಕೆಟ್ಟು ನಿಂತು, ಎಲ್ಲರೂ ಇಳಿದು ನೂಕಿ, ಮೈಯೆಲ್ಲ ಮಸಿಯಾಗಿ ಅವನು ಮನೆ ಸೇರಿದಾಗ ಬಾಗಿಲು ಬರೀ ಮುಂದಕ್ಕೆ ಹಾಕಿತ್ತು. ಅಮ್ಮ ತಿಥಿಯ ಬ್ರಾಹ್ಮಣರಿಗೆ ಇನ್ನೊಂದು ಸಲ ಹೇಳಿ ಬರಲು ಕೋಟೆ ಬೀದಿಗೆ ಹೋಗಿದ್ದಳು. ಉಗ್ರಾಣದಲ್ಲಿ ಅಂಬುಜ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ರೇಷನ್ ಅಕ್ಕಿ, ಅರ್ಧ ಕಲ್ಲು. ಪಿತೃಗಳಿಗೆ ಕಲ್ಲು ಸಿಕ್ಕಬಾರದು. ಗವಾಕ್ಷಿಯಿಂದ ಬಿಸಿಲು ಸರಿಯಾಗಿ ಅವಳ ಕೈಯ ಮೇಲೆ ಬಿದ್ದಿತ್ತು. ಕಲ್ಲನ್ನು ಹೆಕ್ಕಿ ಪಕ್ಕಕ್ಕೆ ಹಾಕುವ ಆ ಬೆರಳುಗಳಿಗೆ ಅವನು ಬಂದದ್ದು ತಿಳಿದಿರಲಿಲ್ಲ. ಅಷ್ಟು ವರ್ಷ ಅವರಿಬ್ಬರ ರಾತ್ರಿಗಳನ್ನು ಅಮ್ಮ ಪಂಚಾಂಗ ನೋಡಿ ಗೊತ್ತುಮಾಡುತ್ತಿದ್ದಳು, ಹಾಲಿಗೆ ಬಾದಾಮಿ ತೇದು ಹಾಕಿ ಇಟ್ಟು ಕೆಮ್ಮಿ ಹೋಗುತ್ತಿದ್ದಳು, ಅವನು ಪರೀಕ್ಷೆಗೆ ಕೂತವನಂತೆ ಒಳಗೆ ಹೋಗುತ್ತಿದ್ದ. ಆ ಮಧ್ಯಾಹ್ನ ಯಾರೂ ಗೊತ್ತುಮಾಡಿರಲಿಲ್ಲ. "ಕಾಲು ತೊಳ್ಕೊಂಡು ಬನ್ನಿ," ಎಂದಳು. ಆಮೇಲೆ, "ರೀ, ನಾಳೆ ತಿಥಿ," ಎಂದಳು. "ಗೊತ್ತು," ಎಂದ. ಪಿಂಡ ಇಡುವವನು ಹಿಂದಿನ ದಿನದಿಂದ ಹೆಂಡತಿಯ ಹತ್ತಿರ ಹೋಗಬಾರದೆಂಬ ನಿಯಮ ಇಬ್ಬರಿಗೂ ಗೊತ್ತಿತ್ತು. "ಇವತ್ತು ಏಕಾದಶಿ," ಎಂದು ಅವಳು ನಗುತ್ತ ಹೇಳಿದಳೋ ಹೆದರಿ ಹೇಳಿದಳೋ ಈಗ ನೆನಪಿಲ್ಲ. ಮೊರ ಮಗುಚಿ ಆರಿಸಿದ ಅಕ್ಕಿ, ಆರಿಸದ ಅಕ್ಕಿ, ಕಲ್ಲು ಎಲ್ಲ ಒಂದಾಯಿತು. ಅಮ್ಮ ಬರುವ ಹೊತ್ತಿಗೆ ಅಂಬುಜ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿನಲ್ಲಿ ಕೂತು ಮೊದಲಿನಿಂದ ಆರಿಸುತ್ತಿದ್ದಳು. "ಹೊತ್ತಲ್ಲದ ಹೊತ್ತಲ್ಲಿ ಯಾಕೆ ಸ್ನಾನ?" ಎಂದಳು ಅಮ್ಮ. "ಹಲ್ಲಿ ಮೈಮೇಲೆ ಬಿತ್ತು ಅತ್ತೆ." "ಎಲ್ಲಿ ಬಿತ್ತು?" "ಎಡಭುಜದ ಮೇಲೆ." "ಹೆಂಗಸಿಗೆ ಎಡ ಒಳ್ಳೇದು ಬಿಡು," ಎಂದು ಅಮ್ಮ ಒಳಗೆ ಹೋದಳು. ಜಗುಲಿಯಲ್ಲಿ ಕೂತಿದ್ದ ಅವನಿಗೆ ನಗು ಬಂದಿತ್ತು. ಮಾರನೆಯ ದಿನ ಅದೇ ಕೈಗೆ ದರ್ಭೆಯ ಪವಿತ್ರ ಹಾಕಿಕೊಂಡು ಪಿಂಡ ಕಟ್ಟಿದ. ಪಿಂಡವನ್ನು ಹಿತ್ತಿಲಲ್ಲಿಟ್ಟು ತಿರುಗುವುದರೊಳಗೆ ಕಾಗೆ ಬಂದು ಕಚ್ಚಿಕೊಂಡು ಹೋಯಿತು. ಅಮ್ಮ ಕಣ್ಣಲ್ಲಿ ನೀರು ತುಂಬಿಕೊಂಡು, "ನೋಡಿದ್ಯಾ, ಕಾಯಿಸಲೇ ಇಲ್ಲ. ನಿಮ್ಮಪ್ಪನಿಗೆ ತೃಪ್ತಿಯಾಯ್ತು ಕಣೋ," ಎಂದಳು. ಆವತ್ತೇ ಸಂಜೆಯ ಬಸ್ಸಿಗೆ ಅವನು ಹೊರಟುಹೋದ. ಮುಂದಿನ ಭಾನುವಾರಗಳೆಲ್ಲ ಮನೆಮನೆಯ ತಲೆ ಎಣಿಸಿ ರೇಷನ್ ಕಾರ್ಡು ಬರೆಯುವುದಕ್ಕೆ ಮೇಷ್ಟರುಗಳನ್ನೇ ಹಚ್ಚಿದರು, ಊರಿಗೆ ಬರಲಾಗಲಿಲ್ಲ.

ಆಸ್ಪತ್ರೆಯಲ್ಲಿ ಹೆಂಗಸರ ಸಾಲು ಉದ್ದವಿತ್ತು. ಗಂಡಸರು ಹೊರಗೆ ಬೇವಿನ ಮರದ ಕೆಳಗೆ. ಕಟ್ಟಾಯದವನೊಬ್ಬ ಹೆಂಡತಿಯ ಸರದಿ ಕಾಯುತ್ತಾ ಮೂರನೆಯ ಬೀಡಿ ಸೇದುತ್ತಿದ್ದ. ವರದರಾಜನಿಗೆ ಕಾಲು ಜೋಮು ಹಿಡಿದಿತ್ತು, ಆದರೂ ಎದ್ದು ನಿಲ್ಲಲಿಲ್ಲ. ಹಿಡಿದಷ್ಟು ಹಿಡಿಯಲಿ ಎನ್ನಿಸಿತು. ಒಳಗೆ ಅವಳನ್ನು ಏನು ಕೇಳುತ್ತಿದ್ದಾರೋ, ಅವಳು ಏನು ಹೇಳುತ್ತಿದ್ದಾಳೋ. ಆಯಾ ಬಂದು, "ಒಳೇನರ್ಸೀಪುರದ ಮೇಷ್ಟ್ರು ಯಾರ್ರೀ?" ಎಂದು ಕೂಗಿದಾಗ ಮರದ ಕೆಳಗಿನವರೆಲ್ಲ ತಿರುಗಿ ನೋಡಿದರು. ಅವನು ಕುಂಟುತ್ತಾ ಒಳಗೆ ಹೋದ.

ಡಾಕ್ಟರಮ್ಮ ಮಂಗಳೂರು ಕಡೆಯವರು. ನರೆತ ಕೂದಲು, ಬಿಳಿ ಸೀರೆ, ಕೊರಳಲ್ಲಿ ಸಣ್ಣ ಶಿಲುಬೆ. ಕೈ ಒರೆಸಿಕೊಳ್ಳುತ್ತಲೇ ಮಾತಾಡಿದರು. "ಕೂತುಕೊಳ್ಳಿ. ಮಗು ಸರಿಯಾಗಿ ಉಂಟು. ನಾಲ್ಕು ತಿಂಗಳು ತುಂಬಿತು. ಇವಳು ಯಾಕೆ ಇಷ್ಟು ಹೆದರಿದ್ದಾಳೆ?"

ಅಂಬುಜ ಸ್ಟೂಲಿನ ಮೇಲೆ ಕೂತಿದ್ದಳು. ವರದರಾಜ ಗಂಟಲು ಸರಿಮಾಡಿಕೊಂಡ. ಹೇಳಬೇಕಾದ್ದನ್ನು ಬೇವಿನ ಮರದ ಕೆಳಗೆ ನಾಲ್ಕು ಸಲ ಬಾಯಿಪಾಠ ಮಾಡಿದ್ದ. "ರಥಸಪ್ತಮಿಯ ದಿನ ಇವಳು ಹೊರಗಾಗಿದ್ದಳು, ಮೇಡಂ. ಅಂದಮೇಲೆ ನಾಲ್ಕು ಹೇಗೆ..."

"ಅದನ್ನು ಇವಳು ಹೇಳಿದಳು. ಅದು ಮುಟ್ಟು ಅಲ್ಲ." ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. ದಣಿದಿದ್ದರು. ಆದರೂ ಮೇಷ್ಟರಿಗೆ ಹೇಳಿದರೆ ನಾಲ್ಕು ಜನಕ್ಕೆ ಹೇಳಿಯಾನು ಅನ್ನಿಸಿರಬೇಕು. "ನೋಡಿ, ಮೊದಲು ಅದು ಒಂದೇ ಒಂದು ಕಣ. ಒಂದು ಎರಡಾಗುತ್ತದೆ, ಎರಡು ನಾಲ್ಕು, ನಾಲ್ಕು ಎಂಟು. ದೊಡ್ಡದು ಮಾಡಿ ನೋಡಿದರೆ ಹಿಪ್ಪುನೇರಳೆ ಹಣ್ಣಿನ ಹಾಗೆ ಕಾಣುವುದು. ನಿಜಕ್ಕೆ ಸೂಜಿಯ ಮೊನೆಯಷ್ಟೂ ಇಲ್ಲ. ನಳಿಕೆಯಲ್ಲಿ ಉರುಳಿಕೊಂಡು ಗರ್ಭಕೋಶಕ್ಕೆ ಬರುತ್ತದೆ. ಬಂದ ಕೂಡಲೇ ನಿಲ್ಲುವುದಿಲ್ಲ. ಒಂದೆರಡು ದಿವಸ ಸುಮ್ಮನೆ ತೇಲಿಕೊಂಡು ಇರುತ್ತದೆ. ಆಗ ಅದಕ್ಕೆ ತಾಯಿಯೊಟ್ಟಿಗೆ ಯಾವ ಸಂಬಂಧವೂ ಇಲ್ಲ. ಎಷ್ಟೋ ಅಲ್ಲಿಯೇ ಸತ್ತು ಹೋಗುತ್ತವೆ, ತಾಯಿಗೆ ಗೊತ್ತೇ ಆಗುವುದಿಲ್ಲ. ಉಳಿದದ್ದು ಒಳಗಿನ ಮೆತ್ತನೆ ಪದರಕ್ಕೆ ಬಂದು..." ಅವರು ಶಬ್ದಕ್ಕಾಗಿ ನಿಂತರು. ಅಂಬುಜಳ ಕಡೆ ತಿರುಗಿದರು. "ಹೂ ಉದುರಿ ಕಾಯಿ ಮರದಲ್ಲಿ ಉಳಿಯುತ್ತದಲ್ಲ, ಅದಕ್ಕೆ ನಿಮ್ಮ ಕಡೆ ಏನು ಹೇಳುವುದು?"

"ಕಚ್ಚೋದು ಅಂತೀವಿ," ಎಂದಳು ಅಂಬುಜ. "ಕಾಯಿ ಕಚ್ಚಿದೆ ಅಂತೀವಿ."

"ಹಾಂ, ಕಚ್ಚುತ್ತದೆ. ಒಳ್ಳೆಯ ಮಾತು. ನಿಜವಾಗಿಯೂ ಕಚ್ಚುತ್ತದೆ. ಕಚ್ಚಿ, ಪದರವನ್ನು ತಿಂದು, ಒಳಗೆ ಹೂತುಕೊಂಡು ಕೂರುತ್ತದೆ. ಅದರ ಮೇಲೆ ಪದರ ಪುನಃ ಮುಚ್ಚಿಕೊಳ್ಳುತ್ತದೆ. ಹಾಗೆ ಕಚ್ಚುವಾಗ ಸಣ್ಣ ಸಣ್ಣ ರಕ್ತನಾಳ ಒಡೆಯುವುದುಂಟು. ಕೆಲವರಿಗೆ ಒಂದು ಚೂರು ರಕ್ತ ಕೆಳಗೆ ಕಾಣುತ್ತದೆ. ಮುಟ್ಟಿನ ದಿನ ಹತ್ತಿರವೇ ಇರುವ ಕಾರಣ ಹೆಂಗಸರು ಮುಟ್ಟು ಅಂತ ತಿಳಿಯುವುದು. ಇವಳಿಗೆ ಆದದ್ದು ಅದೇ."

ವರದರಾಜ ತಲೆಯಾಡಿಸಿದ. ಅವನಿಗೆ ಕಾಣುತ್ತಿದ್ದದ್ದು ಹಿತ್ತಿಲ ಚಪ್ಪರ, ಗೋಣಿ, ದೂರದಿಂದ ಸುರಿದ ಅನ್ನದ ತಟ್ಟೆ. ಅವಳನ್ನು ಮನೆಯಿಂದ ಆಚೆ ಕೂರಿಸಿದ ಆ ಮೂರು ದಿನವೇ ಅದು ಒಳಗೆ ಕೂರುತ್ತಿತ್ತು. ಹಲ್ಲಿಲ್ಲದ, ಬಾಯಿಲ್ಲದ, ಹೆಸರಿಲ್ಲದ ಒಂದು ಚುಕ್ಕೆ ಅವಳನ್ನು ತಿಂದು ಜಾಗ ಮಾಡಿಕೊಳ್ಳುತ್ತಿತ್ತು. ಅವಳು ಗೋಣಿಯ ಮೇಲೆ ಕೂತು ಈ ಸಲವೂ ನಿಲ್ಲಲಿಲ್ಲ ಎಂದು ಅತ್ತಿರಬೇಕು. ಅವನು ಆಗ ಕೊಣನೂರಿನಲ್ಲಿ ಯಾರದೋ ಮನೆಯ ತಲೆ ಎಣಿಸುತ್ತಿದ್ದ. ಇದೆಲ್ಲ ಅರ್ಥವಾಯಿತು. ಅರ್ಥವಾದದ್ದು ಎದೆಗೆ ಇಳಿಯಲಿಲ್ಲ, ತಲೆಯಲ್ಲೇ ತೇಲಿಕೊಂಡಿತ್ತು. ಬಾಯಿ ಮಾತ್ರ ತನ್ನ ಪಾಡಿಗೆ ಹೇಳಿತು: "ಆದರೂ ಮೇಡಂ, ಅದು ಮುಟ್ಟೇ ಆಗಿದ್ದು, ಇದು ಆಮೇಲಿನದು ಆಗಿರಲಿಕ್ಕೂ... ಖಂಡಿತ ಅಂತ ಹೇಳಬಹುದೇ?"

ಹೇಳಿದ ಮೇಲೆ ಅವನಿಗೆ ಕೇಳಿಸಿತು. ಅಂಬುಜ ಅವನನ್ನು ನೋಡಲಿಲ್ಲ. ಸ್ಟೂಲಿನ ಮೇಲೆ ಇನ್ನೂ ನೆಟ್ಟಗೆ ಕೂತಳು.

ಡಾಕ್ಟರಮ್ಮ ಕನ್ನಡಕ ತೆಗೆದರು. "ಮೇಷ್ಟ್ರೇ, ರಥಸಪ್ತಮಿಗೆ ಮುಂಚೆ ನೀವು ಮನೆಗೆ ಬಂದಿದ್ದಿರಾ ಇಲ್ಲವಾ?"

"ಬಂದಿದ್ದೆ."

"ಹೆಂಡತಿಯೊಟ್ಟಿಗೆ ಇದ್ದಿರಾ?"

ಅವನ ಕಿವಿ ಬಿಸಿಯಾಯಿತು. ಹೌದೆಂದು ತಲೆಯಾಡಿಸಿದ.

"ಮತ್ತೆ ನನ್ನನ್ನು ಯಾಕೆ ಕೇಳುವುದು? ನಿಮಗೇ ಗೊತ್ತುಂಟಲ್ಲ. ಹೋಗಿ, ಹಾಲು ಹಣ್ಣು ಕೊಡಿ. ಭಾರ ಎತ್ತಿಸಬೇಡಿ." ಅವರು ಆಯಾಳನ್ನು ಕರೆದು ಮುಂದಿನವಳನ್ನು ಕಳಿಸಲು ಹೇಳಿದರು.

ವಾಪಸು ರೈಲಿನಲ್ಲಿ ಜಾಗ ಇರಲಿಲ್ಲ. ದುದ್ದದ ತೆಂಗಿನಕಾಯಿ ವ್ಯಾಪಾರಿಯೊಬ್ಬ ತನ್ನ ಚೀಲಗಳನ್ನು ಕಾಲಿಂದ ನೂಕಿ ಅಂಬುಜಳಿಗೆ ಕಿಟಕಿಯ ಜಾಗ ಬಿಟ್ಟುಕೊಟ್ಟ. "ಕೂತ್ಕಳಿ ತಾಯಿ, ಕೂತ್ಕಳಿ. ಗಾಳಿ ಬೇಕು ನಿಮಗೆ." ಮಂಚಯ್ಯ ಎಂದು ತಾನೇ ಹೆಸರು ಹೇಳಿಕೊಂಡ. ವರದರಾಜನನ್ನು ತನ್ನ ಪಕ್ಕ ಒತ್ತಿ ಕೂರಿಸಿಕೊಂಡು ಮಾತು ಶುರುಮಾಡಿದ. "ಈ ವರ್ಸ ತ್ವಾಟ ನೋಡ್ಬ್ಯಾಡಿ ಸಾ. ಒಂಬಾಳೆ ಏನೋ ಬತ್ತವೆ. ಅರಳು ಕಚ್ಚಾಕಿಲ್ಲ. ಎಲ್ಲಾ ನೆಲದ ಪಾಲು. ಕಚ್ಚಿದ್ದು ಮಾತ್ರ ನೀವು ಕುಡ್ಲು ಆಕುದ್ರೂ ಬರಾ ಅಂಗಿಲ್ಲ, ಅಂಗೆ ಇಡ್ಕೊಂಡಿರ್ತದೆ. ಆಸ್ಪತ್ರೆಗ್ ಓಗಿದ್ರಾ?"

"ಹೂಂ."

"ಚೊಚ್ಚಲಾ ಸಾ?"

"ಹೂಂ."

"ಓಹೋ! ನಿಮ್ ಮೊಖ ನೋಡುದ್ರೆ ನೀವೇ ಹೆರಾಕೆ ಓಗೋರಂಗೆ ಕಾಣ್ತೀರಲ್ಲ ಸಾ!" ಡಬ್ಬಿಯಲ್ಲಿದ್ದವರೆಲ್ಲ ನಕ್ಕರು. "ಅಲ್ಲಾ, ನಿಮ್ದೇ ತಾನೆ ಮಗ? ಒಸಿ ನಗಿ ಮತ್ತೆ!"

"ನಂದೇ," ಎಂದ ವರದರಾಜ. "ನಂದೇ ಮಗು."

ಇಷ್ಟು ಸುಲಭವೇ ಎನ್ನಿಸಿತು. ಗುರುತಿಲ್ಲದವನ ಮುಂದೆ, ತೆಂಗಿನಕಾಯಿಯ ಚೀಲಗಳ ನಡುವೆ, ನಾಲ್ಕು ಜನ ಕೇಳುವ ಹಾಗೆ ಹೇಳಿದ್ದ. ಅಂಬುಜ ಕಿಟಕಿಯಿಂದ ಮುಖ ತಿರುಗಿಸಿ ಅವನನ್ನು ನೋಡಿದಳು. ಒಂದು ವಾರದಲ್ಲಿ ಅದೇ ಮೊದಲು. ಅವಳ ಮುಖದಲ್ಲಿ ನಗುವಿರಲಿಲ್ಲ, ಆದರೆ ಏನೋ ಸಡಿಲವಾಗಿತ್ತು. ಕೈಯನ್ನು ಹೊಟ್ಟೆಯ ಮೇಲೆ, ಮುಚ್ಚುವುದಕ್ಕಲ್ಲ, ಸುಮ್ಮನೆ, ಇಟ್ಟುಕೊಂಡಳು. ಸ್ಟೇಷನ್ನಿನಲ್ಲಿ ಇಳಿದ ಮೇಲೆ ಅವನ ಹಿಂದೆ ಬರಲಿಲ್ಲ, ಪಕ್ಕದಲ್ಲಿ ಬಂದಳು. ಹೇಮಾವತಿಯ ಕಡೆಯ ಗಾಳಿ ಬೀಸುತ್ತಿತ್ತು. ಬೀದಿಯ ತಿರುವಿನಲ್ಲಿ ಮೆಲ್ಲಗೆ, "ಅತ್ತೆಗೆ ನೀವೇ ಹೇಳ್ತೀರಲ್ಲ?" ಎಂದಳು. "ಡಾಕ್ಟರು ಹೇಳಿದ್ದಾ?" ಎಂದ. "ಅದನ್ನಲ್ಲ. ಅದನ್ನ ನಾನೂ ಹೇಳಬಲ್ಲೆ. ಏಕಾದಶಿದು. ಅದನ್ನ ನಾನು ಹೇಳಿದ್ರೆ ಅವರು ನಂಬಲ್ಲ. ನೀವು ಹೇಳಿದ್ರೆ ನಂಬ್ತಾರೆ." "ಹೇಳ್ತೀನಿ," ಎಂದ. ಆಗ ಹೇಳುತ್ತೇನೆಂದೇ ಅವನು ತಿಳಿದಿದ್ದ.

ಗೋದಮ್ಮ ಪಡಸಾಲೆಯಲ್ಲಿ ಕಾಲು ಚಾಚಿಕೊಂಡು ಹತ್ತಿ ಹೊಸೆಯುತ್ತಿದ್ದಳು. ಬೆಳಗಿನ ಆವೇಶ ಇಳಿದಿತ್ತು. ಮುಖ ಬತ್ತಿತ್ತು, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವೆಂದು ಕಾಣುತ್ತಿತ್ತು. ಅಂಬುಜ ಕಾಲು ತೊಳೆಯಲು ಚೊಂಬು ಹಿಡಿದು ಬಾಗಿಲ ಹೊರಗಿನ ಕಲ್ಲಿನ ಹತ್ತಿರ ನಿಂತಳು. ವರದರಾಜ ಅಮ್ಮನ ಎದುರು ಕೂತು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದ. ಕ್ಲಾಸಿನಲ್ಲಿ ಹೇಳುವ ಹಾಗೆ ಕ್ರಮವಾಗಿ ಹೇಳಿದ: ಒಂದು ಎರಡಾಗುವುದು, ತೇಲುವುದು, ಕಚ್ಚುವುದು, ರಕ್ತ ಕಾಣುವುದು. ಗೋದಮ್ಮ ಹೊಸೆಯುವುದನ್ನು ನಿಲ್ಲಿಸಿ ಕೇಳಿದಳು. ದಡ್ಡಿಯಲ್ಲ ಅವಳು.

"ಕಚ್ಚಿದಾಗ ರಕ್ತ ಬರುತ್ತೆ ಅಂತಾಳಾ?"

"ಕೆಲವರಿಗೆ."

"ಇರಬಹುದು," ಎಂದಳು ಗೋದಮ್ಮ. "ನೀನು ಹುಟ್ಟೋ ಮುಂಚೆ ನಂಗೂ ಹಾಗೇ ಒಂದು ಸಲ ಚೂರು ಕಂಡಿತ್ತು. ನಮ್ಮತ್ತೆ ಲೆಕ್ಕ ತಪ್ಪಿ ಬಾಣಂತಿ ಕೋಣೆ ಸುಣ್ಣ ಹೊಡೆಸೋಕೆ ಮುಂಚೇನೇ ನೀನು ಬಂದ್ಬಿಟ್ಟೆ." ಅವಳ ತುಟಿ ನಗುವಿಗೆ ಹತ್ತಿರ ಬಂದಿತ್ತು. ಬಾಗಿಲ ಹೊರಗೆ ಚೊಂಬಿನ ನೀರು ಸುರಿಯುವ ಸದ್ದು ನಿಂತಿತು. "ಸರಿ. ಹಾಗಾದ್ರೆ ರಥಸಪ್ತಮಿಗಿಂತ ಹಿಂದೆ." ಗೋದಮ್ಮನ ಹೆಬ್ಬೆರಳು ಕಿರುಬೆರಳಿನ ಗೆಣ್ಣಿಗೆ ಹೋಯಿತು. ಅಲ್ಲಿಂದ ಒಂದೊಂದೇ ಗೆಣ್ಣು ಹತ್ತಿತು. ಒಂದು ಕಡೆ ಬಂದು ನಿಂತುಬಿಟ್ಟಿತು.

ಅವಳು ತಲೆ ಎತ್ತಿ ಮಗನನ್ನು ನೋಡಿದಳು. ಬೆಳಿಗ್ಗೆ ಕೂಗಿದ ಮುಖವಲ್ಲ ಅದು. ಬಣ್ಣ ಹೋಗಿತ್ತು.

"ಆ ತಿಂಗಳಲ್ಲಿ ನೀನು ಬಂದಿದ್ದು ಒಂದೇ ಸಲ," ಎಂದಳು, ಬಹಳ ಮೆಲ್ಲಗೆ. "ನಿಮ್ಮಪ್ಪನ ತಿಥಿಗೆ. ಏಕಾದಶಿ ದಿನ ಮಧ್ಯಾಹ್ನ ಬಂದೆ. ಮಾರನೇ ದಿನ ಸಂಜೆ ಹೋದೆ."

ವರದರಾಜ ನೆಲದ ಮೇಲೆ ಬಿದ್ದಿದ್ದ ಒಂದು ಹತ್ತಿಯ ಎಳೆ ಹೆಕ್ಕಿದ.

"ಪಿಂಡ ಇಟ್ಟ ಕೈ ಅದು, ವರದ. ಕಾಗೆ ಕೂಡ್ಲೇ ಬಂತು. ನಾನು ಕಣ್ಣಾರೆ ನೋಡಿದೀನಿ. ಈ ವರ್ಷ ಅವರು ಉಂಡ್ರು ಅಂತ ನಾನು..." ಹೊಸೆದಿಟ್ಟ ಬತ್ತಿಯೊಂದನ್ನು ಎತ್ತಿಕೊಂಡು ಮತ್ತೆ ಬಿಚ್ಚತೊಡಗಿದಳು. "ನೀನು ನಿಯಮದಲ್ಲಿದ್ದೆ ತಾನೆ?"

ಅವಳು ಕೇಳುತ್ತಿರಲಿಲ್ಲ, ಬೇಡುತ್ತಿದ್ದಳು. ಅದು ಅವನಿಗೆ ಸ್ಪಷ್ಟವಾಗಿ ಕಂಡಿತು. ಹೌದು ಎಂದರೆ ಅಪ್ಪ ಉಂಡ ಹಾಗೆ. ಇಲ್ಲ ಎಂದರೆ ಅಪ್ಪ ಒಂದು ವರ್ಷ ಹಸಿದು ನಿಂತ ಹಾಗೆ. ಈ ಕೆಂಪು ಸೀರೆಯ, ಬೋಳುತಲೆಯ ಹೆಂಗಸು ರೇಷನ್ನಿನ ಅಕ್ಕಿಯನ್ನು ಹಿಡಿಹಿಡಿಯಾಗಿ ಉಳಿಸಿ ಹಾಕಿದ ಊಟ ಎಂಜಲಾದ ಹಾಗೆ. ಬಾಗಿಲ ಆಚೆ ಇನ್ನೊಬ್ಬಳು ನಿಂತಿದ್ದಾಳೆ. ಅವಳಿಗೆ ಬೇಕಾದದ್ದು ಇಲ್ಲ ಎನ್ನುವ ಆ ಒಂದು ಮಾತು. ಎರಡನ್ನೂ ತೂಗಿ ನೋಡಲು ಅವನು ಪ್ರಯತ್ನಪಟ್ಟ. ಯಾವುದೂ ಭಾರ ಅನ್ನಿಸಲಿಲ್ಲ. ಏನೂ ಅನ್ನಿಸಲಿಲ್ಲ. ಗೋಡೆಯ ಮೇಲಿನ ದೇವರಪಟದ ಗಾಜಿನಲ್ಲಿ ಬಾಗಿಲ ಬೆಳಕು ಚೌಕವಾಗಿ ಬಿದ್ದಿತ್ತು, ಅದರೊಳಗೆ ತನ್ನ ತಲೆ ಕರಿಯ ಗುಂಡಾಗಿ ಕಂಡಿತು. ಎಡಗೆನ್ನೆ ಕೆರೆಯುತ್ತಿತ್ತು.

"ಹೂಂ," ಎಂದ. "ನಿಯಮದಲ್ಲೇ ಇದ್ದೆ."

ಗೋದಮ್ಮ ಕಣ್ಣು ಮುಚ್ಚಿ ಉಸಿರು ಬಿಟ್ಟಳು. ಆ ಉಸಿರಿನಲ್ಲಿ ನೆಮ್ಮದಿ ಇತ್ತು. ಸೊಸೆಯ ಮಾತೇ ಅವಳಿಗೆ ಆ ಕ್ಷಣ ಮರೆತುಹೋಗಿತ್ತೋ ಏನೋ.

ಅಂಬುಜ ಚೊಂಬನ್ನು ಕಲ್ಲಿನ ಮೇಲೆ ಇಟ್ಟಳು. ಬೋರಲು ಹಾಕಲಿಲ್ಲ, ಬೀಸಾಡಲಿಲ್ಲ, ಎಂದಿನಂತೆ ಇಟ್ಟಳು. ಒದ್ದೆ ಕಾಲಿನಲ್ಲಿ ಹೊಸಿಲಿನವರೆಗೆ ಬಂದು ಹೊಸಿಲು ದಾಟದೆ ನಿಂತಳು. ವರದರಾಜನನ್ನು ನೋಡಿದಳು. ಅವಳು ಅಳುತ್ತಾಳೆ, ಕೂಗುತ್ತಾಳೆ, ಉಗ್ರಾಣದ ಮಾತು ಎತ್ತುತ್ತಾಳೆ ಎಂದು ಅವನು ಕಾದ. ಎತ್ತಿದರೆ ಆಗ ಹೌದು ಅನ್ನಬಹುದು, ಅವಳೇ ಎತ್ತಲಿ ಎಂದೂ ಒಂದು ಯೋಚನೆ ಬಂತು. ಅವಳು ಎತ್ತಲಿಲ್ಲ.

"ಹೋಗ್ತೀನಿ," ಎಂದಳು.

"ಬರ್ತೀನಿ ಅನ್ನೇ," ಎಂದಳು ಗೋದಮ್ಮ, ಕಣ್ಣು ಮುಚ್ಚಿಕೊಂಡೇ, ಬಾಯಿಗೆ ರೂಢಿಯಾದದ್ದಕ್ಕೆ.

ಅಂಬುಜ ತಿರುಗಿದಳು. ಮೂರು ಮೆಟ್ಟಿಲು ಇಳಿದಳು. ಬೀದಿಯಲ್ಲಿ ಎದುರು ಮನೆಯಾಕೆ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಆಕೆ ಏನೋ ಕೇಳಿದ್ದು, ಅಂಬುಜ ನಿಲ್ಲದೆ ಏನೋ ಹೇಳಿದ್ದು ವರದರಾಜನಿಗೆ ಕೇಳಿಸಿತು, ಮಾತು ತಿಳಿಯಲಿಲ್ಲ. ಏಳಬೇಕು ಅಂದುಕೊಂಡ. ತಿರುವು ದಾಟುವುದರೊಳಗೆ ಎದ್ದರೂ ಸಾಕು, ಹಿಡಿಯಬಹುದು, ಒದ್ದೆ ಕಾಲಿನಲ್ಲಿ ಅವಳು ಎಷ್ಟು ಬೇಗ ನಡೆದಾಳು. ಚನ್ನರಾಯಪಟ್ಟಣದ ಬಸ್ಸು ಇರುವುದು ನಾಳೆ, ಎಲ್ಲಿಗೆ ಹೋದಾಳು. ಅಮ್ಮ ಮತ್ತೆ ಹತ್ತಿ ಹೊಸೆಯಲು ಶುರುಮಾಡಿದಳು. "ಬರ್ತಾಳೆ ಬಿಡು," ಎಂದಳು.

ಅವಳು ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ರಜ ಮುಗಿದು ಅವನು ಕೊಣನೂರಿಗೆ ಹೊರಟ ದಿನವೂ ಬರಲಿಲ್ಲ. ಕಾರ್ತೀಕಕ್ಕೆ ಮುಂಚೆ ಚನ್ನರಾಯಪಟ್ಟಣದ ಕಡೆಯಿಂದ ಯಾರೋ ಬಂದು ಹೆಣ್ಣು ಮಗು ಎಂದು ಹೇಳಿ ಹೋದರು. ಪುಷ್ಯದಲ್ಲಿ ವರದರಾಜ ಎರಡು ದಿನದ ರಜಾ ಹಾಕಿ ಬಂದು ತಿಥಿ ಮಾಡಿದ.